ಬೇರು ಬಿಟ್ಟು ತಂದ ಅಣಬೆ

ಮಂಜುಳಾ, ಕುಮಾರಾ, ಮೊನ್ನೆ ಮಧ್ಯಾಹ್ನ ಅಜ್ಜಿ ಯಾಕೆ ಸ್ಕೂಲಿನ ಬೇಲಿ ಹಿಡಿದು ನಿಂತಿದ್ದಳು ಅಂತ ಕೇಳಿದಿರಲ್ಲ, ಸುಮ್ಮನೆ ನೋಡಲು ಬಂದೆ ಅಂದೆ. ಸುಳ್ಳು.

ನಿಮ್ಮ ಡಬ್ಬಿಯ ಅಣಬೆ ಸಾರಿನ ಹಿಂದೆ ಓಡಿ ಬಂದಿದ್ದೆ.

ಗುಡುಗಿದ ಮಾರನೆಯ ಬೆಳಿಗ್ಗೆ ನಿಮ್ಮ ತಾತ ಟವೆಲ್ ತುಂಬ ಅಣಬೆ ತರುತ್ತಿದ್ದರು. ನಾನು ತೊಳೆದು, ಮೆಣಸು ಅರೆದು ಸಾರು ಮಾಡುತ್ತಿದ್ದೆ. ಅವರು ಹೋದ ಮೇಲೆ ನಮ್ಮ ಮನೆಗೆ ಅಣಬೆ ಬಂದಿರಲಿಲ್ಲ. ಈ ಸಲ ಗುಡುಗಿದಾಗ, ನಾನೇ ಹೋದರೇನು ಅನ್ನಿಸಿತು. ಇಷ್ಟು ವರ್ಷ ಬೇಯಿಸಿದವಳಿಗೆ ಗುರುತು ಸಿಗುವುದಿಲ್ಲವೇ?

ಸಿಕ್ಕಿತು. ಬದುವಿನ ಹುತ್ತದ ಪಕ್ಕದಲ್ಲೇ ಬೆಳ್ಳಗೆ ಎದ್ದು ನಿಂತಿದ್ದವು. ಸೊಪ್ಪು ಕುಯ್ಯುವ ಹಾಗೆ ಕುಡುಗೋಲಿನಿಂದ ಕುಯ್ದು ಮಡಿಲಿಗೆ ಹಾಕಿಕೊಂಡೆ. (ದಾರಿಯಲ್ಲಿ ಯಾರನ್ನೂ ತಲೆಯೆತ್ತಿ ನೋಡದವಳು, ಅಂದು ಯಾರಾದರೂ ಕೇಳಲಿ ಅಂತ ಊರು ಸುತ್ತಿ ಬಂದೆ. ಯಾರೂ ಕೇಳಲಿಲ್ಲ.)

ನಿಮ್ಮ ಅಪ್ಪ ಅಮ್ಮ ಮೊರಪ್ಪೂರಿನ ಮದುವೆಗೆ ಹೋಗಿದ್ದರು. ಅಡುಗೆಮನೆ ನನ್ನದೇ. ಡಬ್ಬಿ ತುಂಬಿಸಿ ನಿಮ್ಮನ್ನು ಬಸ್ ಹತ್ತಿಸಿದೆ.

ಆಮೇಲೆ ಪಕ್ಕದ ಮನೆಯ ಕೆಂಚಮ್ಮ ಕುರಿ ಬಿಡುವ ಮೊದಲು ಹಾಗೇ ಬಂದಳು. ಪುಟ್ಟಿಯಲ್ಲಿ ಉಳಿದ ನಾಲ್ಕಾರು ಅಣಬೆ ಎತ್ತಿ ತಿರುಗಿಸಿ ನೋಡಿದಳು.

“ಬೇರು ಎಲ್ಲಕ್ಕಾ?”

“ಕುಯ್ಕೊಂಡ್ ಬಂದೆ.”

“ಉತ್ತದ್ ಅಣಬೆ ಆದ್ರೆ ಬೇರು ಗೆದ್ಲು ಗೂಡಿನ ಗಂಟ ಓಗಿರ್ತೈತೆ. ನೀನು ತಲೆ ಮಾತ್ರ ತಂದಿದ್ಯಲ್ಲ, ನಾನೇನ್ ಏಳ್ಲಿ? ಉತ್ತದ ಪಕ್ಕ ಕೆಟ್ಟದ್ದೂ ಏಳ್ತೈತೆ.”

ಮಕ್ಕಳ ಡಬ್ಬಿಗೆ ಹಾಕಿದೆ ಅಂದೆ. ಅವಳ ಮುಖದಲ್ಲಿದ್ದ ನಗು ಹೋಯಿತು. ಎಲ್ಲಿ ಕುಯ್ದೆ ಅಂತ ಕೇಳಿ, ಹಾರೆ ಹಿಡಿದು ಹೊಲದ ಕಡೆ ಓಡಿದಳು. ನನ್ನನ್ನು ಬಸ್ಸಿಗೆ ಅಟ್ಟಿದಳು. (ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಊರಿಗೆಲ್ಲ ಅಂಗಡಿಯ ಒಂದೇ ಫೋನ್. ಸ್ಕೂಲಿನ ನಂಬರ್ ಯಾರಿಗೆ ಗೊತ್ತು?)

ಟೌನ್ ಬಸ್ ತಡವಾಗಿ ಬಂತು. ನಿಮ್ಮ ಸ್ಕೂಲಿರುವ ಪಾಪಿರೆಡ್ಡಿಪಟ್ಟಿ ಸೇರುವಷ್ಟರಲ್ಲಿ ಊಟದ ಬೆಲ್ ಆಗಿಹೋಗಿತ್ತು. ನೀವಿಬ್ಬರೂ ನಲ್ಲಿಯ ಹತ್ತಿರ ಖಾಲಿ ಡಬ್ಬಿ ತೊಳೆಯುತ್ತಿದ್ದಿರಿ.

ಕುಮಾರ ಓಡಿ ಬಂದು, ಇಲ್ಲೆಲ್ಲ ಬರಬೇಡ ಅಜ್ಜಿ, ಅಂತ ಪಿಸುಗುಟ್ಟಿದ. ಹೊಟ್ಟೆ ನೋಯುತ್ತಿದೆಯಾ ಅಂತ ಕೇಳಿದೆ. ಇನ್ನೂ ಹಸಿವು ಅಂದ. ಮಂಜುಳಾ ಇನ್ನೊಂದು ಸಿಹಿ ಸುದ್ದಿ ಕೊಟ್ಟಳು: ಟೀಚರಿಗೂ ಸಾರು ಕೊಟ್ಟಿದ್ದಳಂತೆ! ಎರಡು ಜೀವದ ಚಿಂತೆ ಮೂರಕ್ಕೆ ಏರಿತು. ಅಷ್ಟರಲ್ಲಿ ಟೀಚರೇ ಬಂದು, ತಮಿಳಿನಲ್ಲಿ, ಕಾಳಾನ್ ಕೊಳಂಬು, ಅದೇ ಅಣಬೆ ಸಾರು, ಬಹಳ ರುಚಿ ಪಾಟಿ ಅಂತ ಈ ಅಜ್ಜಿಯನ್ನು ಹೊಗಳಿದರು. ನಿಜ ಹೇಳಬೇಕು, ಆಸ್ಪತ್ರೆಗೆ ನಡೆಯಿರಿ ಅನ್ನಬೇಕು. ಬಾಯಿ ತೆರೆದೆ. ಮುಚ್ಚಿದೆ. ಬೇಲಿ ಹಿಡಿದು ಮೂವರ ಮುಖವನ್ನೇ ನೋಡುತ್ತಾ ನಿಂತೆ. ಇನ್ನೊಮ್ಮೆ ಬಾಯಿ ತೆರೆಯಬೇಕು, ಬಸ್ಸಿನ ಹಾರ್ನ್ ಕೇಳಿಸಿತು.

ಕೆಂಚಮ್ಮ ಇಳಿದಳು. ಮೊಣಕೈ ತನಕ ಮಣ್ಣು. ಸೆರಗು ಬಿಚ್ಚಿದಳು. ಒಳಗೆ ಇಲಿಯ ಬಾಲದಂಥ ಉದ್ದನೆಯ ಬೇರುಗಳು. ತುದಿಯಲ್ಲಿ ಗೂಡಿನ ಮಣ್ಣು, ಅದರಲ್ಲಿ ಇನ್ನೂ ಓಡಾಡುತ್ತಿದ್ದ ಗೆದ್ದಲು.

“ನೀನು ಕುಯ್ದ ಮೋಟು ಒಂದೂ ಬುಡ್ಲಿಲ್ಲ, ಎಲ್ಲಾ ಅಗ್ದು ನೋಡ್ದೆ. ಒಳ್ಳೇದೇ ಕಣಕ್ಕಾ. ಉಸ್ರು ಬುಡು.”

ಉಸಿರು ಬಿಟ್ಟೆ. ಹಾಗೇ ಮಣ್ಣಲ್ಲಿ ಕೂತುಬಿಟ್ಟೆ. ಟೀಚರ್ ನೀರು ತಂದುಕೊಟ್ಟರು, ಪಾಪ, ಬಿಸಿಲು ಜಾಸ್ತಿ ಅಂದುಕೊಂಡು.

ಆಮೇಲೆ ಹೊಳೆಯಿತು. ತಾತ ಹೊಲದಲ್ಲೇ ಬೇರು ನೋಡಿ, ಬಿಡಿಸಿ, ಮಣ್ಣು ಕೆರೆದು ತರುತ್ತಿದ್ದರು. ನನಗೆ ಗೊತ್ತಿದ್ದದ್ದು ಟವೆಲ್ಲಿನಲ್ಲಿ ಬಂದ ಅಣಬೆ ಮಾತ್ರ. ಮನೆಗೆ ತಂದುಹಾಕುವವರು ಹೊರಗೆ ಏನೇನು ಕೆಲಸ ಮುಗಿಸಿ ಬರುತ್ತಾರೆ ಅಂತ ನಾವು ಯಾವತ್ತಾದರೂ ಕೇಳುತ್ತೇವೆಯೇ?

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಿಮಗೆ ಬರುವುದು ತಮಿಳು ಅಕ್ಷರ. ಕನ್ನಡ ಕಲಿತ ಮೇಲೆ ಓದಿಕೊಳ್ಳುವಿರಂತೆ. ನಿಮ್ಮಮ್ಮನಿಗೂ ಕನ್ನಡ ಓದಲು ಬಾರದು ಅನ್ನುವುದೇ ಸದ್ಯಕ್ಕೆ ನನ್ನ ಧೈರ್ಯ.