ಬಂಗಡೆಯ ನಂಜು

ನನ್ನ ಎಡಗಾಲಿನ ಹರಡಿನ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ, ದಪ್ಪವಾಗಿ, ಹಳೇ ಚಪ್ಪಲಿಯ ಹಾಗೆ ಗೀರುಗೀರಾಗಿತ್ತು. ಗಂಡ ತೀರಿಕೊಂಡ ಮೇಲೆ ಶುರುವಾದದ್ದು. ಅವರು ಹೋದಾಗ ನಾನು ಅಳಲಿಲ್ಲ. ಜನ ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ. ಅಂಕೋಲೆಯಿಂದ ಕಾರವಾರಕ್ಕೆ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಬಲಗಾಲಿನ ಹಿಮ್ಮಡಿಯಿಂದ ಅದನ್ನು ತಿಕ್ಕುತ್ತ ಕೂರುತ್ತಿದ್ದೆ. ಹಾಯೆನಿಸುತ್ತಿತ್ತು. ಹಾಯೆನಿಸುವಂಥದ್ದು ಬೇರೇನೂ ಉಳಿದಿರಲಿಲ್ಲ.

ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಕಾಲು ನೋಡಿದ್ದೇ ಅತ್ತೆ ತೀರ್ಪು ಕೊಟ್ಟರು.

"ಬಂಗಡೆ ನಂಜು ತಂಗಿ. ಇನ್ನ ತಿನ್ನುಕೆ ಆಗುದಿಲ್ಲ."

ನಮ್ಮ ಕಡೆ ಮೈಮೇಲೆ ಏನೆದ್ದರೂ ಮೊದಲು ಸಿಕ್ಕಿಬೀಳುವುದು ಬಂಗಡೆ ಮೀನು, ಆಮೇಲೆ ಬದನೆಕಾಯಿ. ನನ್ನ ಜೊತೆ ಅತ್ತೆಯೂ ಬಿಟ್ಟರು. ಮೀನಿನವಳು ಬಾಗಿಲಿಗೆ ಬಂದರೆ ಬೇರೆ ಮೀನು ತೆಗೆದುಕೊಳ್ಳುತ್ತಿದ್ದರು, ಬಂಗಡೆಯತ್ತ ನೋಡುತ್ತಲೂ ಇರಲಿಲ್ಲ. ಈ ವಯಸ್ಸಿನಲ್ಲಿ ನನಗಾಗಿ ಬಾಯಿ ಕಟ್ಟಿದ್ದಾರಲ್ಲ ಎಂದು ನನಗೆ ಸಂಕಟವಾಗಬೇಕಿತ್ತು. ಆಗಲಿಲ್ಲ.

ಚರ್ಮ ಒಡೆದು ನೀರು ಒಸರತೊಡಗಿದಾಗ ಕಾರವಾರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ, ಬಂಗಡೆ ನಂಜಂತೆ ಎಂದೆ. ಅವರು ಬೆರಳಿನಿಂದ ಒತ್ತಿ ನೋಡಿದರು.

"ಅಂಟುರೋಗ ಅಲ್ಲ. ತುರಿಸಿದಷ್ಟೂ ಚರ್ಮ ದಪ್ಪ ಆಗ್ತದೆ, ದಪ್ಪ ಆದಷ್ಟೂ ತುರಿಕೆ ಹೆಚ್ಚಾಗ್ತದೆ. ನಿಮ್ಮ ಬಂಗಡೆ ಏನೂ ಮಾಡ್ಲಿಲ್ಲ. ಯಾವಾಗ ತುರಿಸ್ಕೊಳ್ತೀರಿ?"

"ಗೊತ್ತೇ ಆಗುದಿಲ್ಲ," ಎಂದೆ.

ಹೇಳಿದಷ್ಟೇ ದಿನ ಮುಲಾಮು ಹಚ್ಚಬೇಕು, ಚರ್ಮ ಒಣಗಲು ಬಿಡಬಾರದು, ಉಗುರು ಕತ್ತರಿಸಬೇಕು, ಮಲಗುವಾಗ ಬಟ್ಟೆ ಸುತ್ತಬೇಕು. ತೀರಾ ತಡೆಯಲಾಗದಿದ್ದರೆ ತಣ್ಣನೆಯ ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು. ಎಲ್ಲ ಮಾಡಿದೆ. ಹಿಮ್ಮಡಿ ತಾನಾಗಿಯೇ ಮೇಲೇಳುತ್ತಿತ್ತು. ಅದನ್ನು ಚಪ್ಪಲಿಯೊಳಗೆ ಹಿಡಿದಿಡುವುದೇ ದೊಡ್ಡ ಕೆಲಸವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಚರ್ಮ ಮೆತ್ತಗಾಗಿತ್ತು. ಒಂದು ದಿನ ಕಾರವಾರದ ಪೇಟೆಯಿಂದ ಬಂಗಡೆ ತಂದೆ.

ಅತ್ತೆ ಚೀಲ ನೋಡಿದರು, ಏಳಲಿಲ್ಲ.

"ನಂಜು ಅಲ್ಲ ಅತ್ತೆ. ಡಾಕ್ಟ್ರೇ ಹೇಳಿದ್ರು."

"ನಂಗೆ ಗೊತ್ತಿತ್ತು," ಎಂದರು ಗೋಡೆ ನೋಡುತ್ತ. "ಮಗಂಗೆ ತಲೆ ಬದಿ ತುಂಡೇ ಬೇಕಾಗಿತ್ತು. ಅಂವ ಇಲ್ದೆ ಬಂಗಡೆ ಕೊಯ್ಯುಕೆ ನಂಗೆ ಕೈ ಬರ್ಲಿಲ್ಲ. ನಿನ್ನ ಕಾಲು ಒಂದು ನೆಪ ಆಯ್ತು."

ಸಿಟ್ಟು ಬರಲಿಲ್ಲ. ನನ್ನ ತುರಿಕೆಯೂ ಅಂಥದ್ದೇ ಒಂದು ನೆಪವಾಗಿತ್ತು. ನಾನೇ ಈಳಿಗೆ ಮಣೆ ಎಳೆದು ಕೂತು ಮೀನು ಕೊಯ್ದೆ, ಸಾರು ಮಾಡಿದೆ. ಬಡಿಸುವಾಗ ಸೌಟಿನಲ್ಲಿ ತಲೆಯ ತುಂಡು ಬಂತು. ಅದನ್ನು ಯಾರ ತಾಟಿಗೆ ಹಾಕಬೇಕೆಂದು ತಿಳಿಯಲಿಲ್ಲ. ಅತ್ತೆ ತಾಟು ಮುಂದೆ ಮಾಡಲಿಲ್ಲ. ಸೌಟು ಹಿಡಿದು ನಿಂತಲ್ಲೇ ಜೋರಾಗಿ ಅಳತೊಡಗಿದೆ. ಸುಮ್ಮನಿರು ಎಂದು ಅತ್ತೆ ಹೇಳಲಿಲ್ಲ.