ಎಡಗಡೆ ಕಿಟಕಿಯ ಪಾಲಕ್ಕ

ಪಾಲಕ್ಕ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಬಸ್ಸಿನ ಕಿಟಕಿಯಿಂದ ಹೊರಗೆ ಚಾಚಿದ ಒಂದು ತೋಳು. ಕಬ್ಬಿಣದ ಗುಂಡು ಎಸೆದು ಎಸೆದು ಗಟ್ಟಿಯಾದ ತೋಳು ಅದು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹೊರಗೆ ಬರುತ್ತಿತ್ತು. ಕೆಳಗಿನಿಂದ ಯಾರೋ ತೂರಿದ ಬುತ್ತಿಯ ಗಂಟನ್ನು ಗಾಳಿಯಲ್ಲೇ ಹಿಡಿದು ಒಳಗೆಳೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತ ನನ್ನ ಮಡಿಲಿಗೆ ಆ ಗಂಟು ಬೀಳುವಷ್ಟರಲ್ಲಿ ಕೆಳಗಿನವರ ಯೋಗಕ್ಷೇಮ ವಿಚಾರಿಸುವುದೂ ಮುಗಿದಿರುತ್ತಿತ್ತು.

ನಾವು ಪಾಲಕ್ಕ ಅನ್ನುತ್ತಿದ್ದ ಪಾಲಮ್ಮ ಚಳ್ಳಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅದೇ ಶಾಲೆಯಲ್ಲಿ ನಾನು ಕನ್ನಡದ ಟೀಚರು. ಅವರ ತವರು ಕೊಂಡ್ಲಹಳ್ಳಿ. ಆಟೋಟಕ್ಕೆ ಹುಡುಗಿಯರನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋಗುವಾಗೆಲ್ಲ ನನ್ನನ್ನೂ ಎಳೆದೊಯ್ಯುತ್ತಿದ್ದರು. ಬಸ್ಸು ನಿಂತ ಕಡೆಯೆಲ್ಲ ಅವರಿಗೆ ಯಾರಾದರೂ ನೆಂಟರು ಕಾದಿರುತ್ತಿದ್ದರು. ತಳಕಿನಲ್ಲಿ ಚಿಕ್ಕಮ್ಮ, ಮುಂದಿನ ಕ್ರಾಸಿನಲ್ಲಿ ಸೋದರತ್ತೆ. ಹೊರಡುವ ಮುಂಚೆ ಎಲ್ಲರಿಗೂ ಒಂದೇ ಫೋನು: "ಎಡಗಡೆ ಕಿಟಕಿ. ನಿಂತ್ಕಂಡಿರು." ಜನ ನಿಲ್ಲುವುದು ರಸ್ತೆಯ ಎಡಬದಿಗೆ, ಆದ್ದರಿಂದ ಅವರು ಬಲಗಡೆಯ ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಎಡಗಡೆ ಸಿಗದಿದ್ದರೆ ಆ ಬಸ್ಸನ್ನೇ ಬಿಟ್ಟುಬಿಡುವರು.

ಇಂಥ ಭೇಟಿಗೆ ಅವರದೇ ಒಂದು ಕ್ರಮವಿತ್ತು. ನಾನೊಮ್ಮೆ ಕಿಟಕಿಯಲ್ಲಿ ನನ್ನ ಅಕ್ಕನ ಜೊತೆ ಹರಟುತ್ತ ಕೂತು, ಅವಳಿಗೆಂದು ತಂದ ಸೀರೆಯನ್ನು ಕೊಡದೆಯೇ ಬಸ್ಸು ಹೊರಟುಬಿಟ್ಟಾಗ ಪಾಲಕ್ಕ ಬಾಯಿಗೆ ಬಂದಂತೆ ಬೈದರು.

"ಮೊದ್ಲು ಕೊಡೋದು ಕಣೆ. ಆಮೇಲೆ ಕಣ್ತುಂಬ ನೋಡೋದು. ಮಾತು ಕೊನೀಗೆ. ಹೊತ್ತಿದ್ರೆ ಆಡು, ಇಲ್ದಿದ್ರೆ ಪರ್ವಾಲೇದು. ಡ್ರೈವರ್ ಏನ್ ನಿನ್ ಭಾವನಾ, ಕಾಯೋಕೆ?"

ಗಡಿಯ ಕಡೆಯವರಾದ್ದರಿಂದ ಅವರ ಮಾತಿನ ನಡುವೆ ತೆಲುಗು ಹೀಗೆ ನುಸುಳುತ್ತಿತ್ತು. ಇನ್ನೊಂದು ಕಟ್ಟಪ್ಪಣೆಯೂ ಇತ್ತು. ಕಿಟಕಿಯ ಹತ್ತಿರ ನಿಂತವರು "ಮತ್ತೆ ಯಾವಾಗ ಬರ್ತೀಯಾ" ಎಂದು ಕೇಳಕೂಡದು. ಯಾರಾದರೂ ಕೇಳಿದರೆ ಪಾಲಕ್ಕ ಮುಖ ತಿರುಗಿಸಿ ಕಂಡಕ್ಟರನಿಗೆ "ರೈಟ್ ಹೇಳಪ್ಪಾ" ಅನ್ನುತ್ತಿದ್ದರು. ಯಾಕೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಈ ಪಾಲಕ್ಕ ಐವತ್ತು ದಾಟಿದ ಮೇಲೆ ಹಿರಿಯರ ಕ್ರೀಡಾಕೂಟಗಳಿಗೆ ಇಳಿದರು. ಜಿಲ್ಲೆ, ರಾಜ್ಯ ದಾಟಿ ಗುಂಡು ಎಸೆತದಲ್ಲಿ ಪೋಲೆಂಡಿಗೆ ಹೋಗುವ ತಂಡಕ್ಕೂ ಆಯ್ಕೆಯಾದರು. ಸುಮ್ಮನಿದ್ದ ನನ್ನನ್ನು ನಡಿಗೆ ಸ್ಪರ್ಧೆಗೆ ತಳ್ಳಿದವರೂ ಅವರೇ. "ಬೆಲ್ ಹೊಡೆದ ಮ್ಯಾಲೆ ಸ್ಟಾಫ್ ರೂಮಿಂದ ಮನೀಗೆ ನೀನು ನಡೆಯೋ ಸ್ಪೀಡು ನೋಡೀನಿ. ನಡಿ, ನಿಂಗೂ ಒಂದು ಸೀಟು ಸಿಗ್ತೈತೆ" ಎಂದರು. ನಿಜಕ್ಕೂ ಸಿಕ್ಕಿಬಿಟ್ಟಿತು.

ಟಿಕೆಟ್ಟು ಮಾಡಿಸಲು ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರದ ಟ್ರಾವೆಲ್ಸ್ ಅಂಗಡಿಗೆ ಹೋದೆವು. ಅಂಗಡಿಯ ರಫೀಕ್ ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿ, "ಮೇಡಂ, ದುಬೈಲಿ ಎರಡೇ ತಾಸು ಕಾಯೋದು. ಬಹುತ್ ಅಚ್ಛಾ ಕನೆಕ್ಷನ್ನು" ಎಂದು ಹೆಮ್ಮೆಯಿಂದ ತೋರಿಸಿದರು.

"ಅದು ಬ್ಯಾಡ್ರಿ. ಜಾಸ್ತಿ ಹೊತ್ತು ನಿಲ್ಲೋದು ಕೊಡ್ರಿ" ಎಂದರು ಪಾಲಕ್ಕ.

"ಇಡೀ ದಿನ ಕೂರಿಸೋದೂ ಐತೆ. ಯಾರೂ ತಗಳ್ಳಲ್ಲ ಅದನ್ನ."

"ನಾನು ತಗಂತೀನಿ."

ಸಾಹೇಬರು ನನ್ನ ಮುಖ ನೋಡಿದರು. ನನಗೆ ವಿಷಯ ಗೊತ್ತಿತ್ತು. ದುಬೈಯಲ್ಲಿ ಪಾಲಕ್ಕನ ತಮ್ಮ ಓಬಳೇಶ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ಹೋದವನು ಬಹಳ ವರ್ಷಗಳಿಂದ ಊರಿಗೆ ಬಂದಿರಲಿಲ್ಲ. ಅವ್ವ ತೀರಿಕೊಂಡಾಗ ಮಾಲೀಕ ರಜೆ ಕೊಡಲಿಲ್ಲ, ಮಣ್ಣಿಗೂ ಬರಲಾಗಲಿಲ್ಲ. ಆ ಸಂಕಟದಲ್ಲಿ ಆಮೇಲೆ ಬರುವ ಮಾತನ್ನೇ ಎತ್ತುತ್ತಿರಲಿಲ್ಲ. ವಾಟ್ಸಾಪಿನಲ್ಲಿ "ಚೆನ್ನಾಗಿದೀನಿ ಅಕ್ಕಾ" ಎಂಬ ಒಂದು ಧ್ವನಿಸಂದೇಶ ಬರುತ್ತಿತ್ತು, ಅಷ್ಟೆ. ಅವ್ವ ಬದುಕಿದ್ದಾಗ ತನ್ನ ಕುರಿಗಳ ಉಣ್ಣೆ ಕತ್ತರಿಸಿ, ನೂಲು ಮಾಡಿಸಿ, ಅವನಿಗೆಂದು ಒಂದು ಕರಿ ಕಂಬಳಿ ನೇಯಿಸಿಟ್ಟಿದ್ದಳು. ಅದನ್ನು ಅವನ ಕೈಗೆ ಕೊಡುತ್ತೇನೆಂದು ಪಾಲಕ್ಕ ಅವ್ವನಿಗೆ ಮಾತು ಕೊಟ್ಟಿದ್ದರು. ಪೋಲೆಂಡು, ಪದಕ ಎಲ್ಲ ಅವರ ಮಟ್ಟಿಗೆ ಎರಡನೆಯದು.

"ಪಾರ್ಸಲ್ ಮಾಡಬಹುದಲ್ಲ ಅಕ್ಕಾ" ಎಂದು ನಾನೊಮ್ಮೆ ಹೇಳಿ ನೋಡಿದ್ದೆ.

"ಕೈಗೆ ಕೊಡ್ತೀನಿ ಅಂದೀನಿ. ಪೋಸ್ಟ್‌ಮನ್ ಕೈಗೆ ಅಂದಿಲ್ಲ."

ಆಮೇಲೆ ಶುರುವಾಯಿತು ಅವರ ತಯಾರಿ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ಟು ಇರಬೇಕು, ಆಗ ದೊಡ್ಡ ಪೆಟ್ಟಿಗೆಗಳು ತಮ್ಮ ಪಾಡಿಗೆ ತಾವು ಪೋಲೆಂಡಿಗೆ ಹೋಗುತ್ತವೆ, ನಮ್ಮ ಕೈ ಖಾಲಿ ಎಂದು ಸಾಹೇಬರಿಂದ ತಿಳಿದುಕೊಂಡರು. ನಮ್ಮ ಪಾಸ್‌ಪೋರ್ಟಿನವರು ದುಬೈ ವಿಮಾನ ನಿಲ್ದಾಣದ ಹೊರಗೆ ಕಾಲಿಡಲು ಬೇರೆಯೇ ವೀಸಾ ಬೇಕು, ಅದನ್ನು ಇಲ್ಲಿಂದಲೇ ಮಾಡಿಸಬೇಕು ಎಂದಾಗ ತಮಗೂ ನನಗೂ ಮಾಡಿಸಿದರು. ಒಳಗೆ ಎಸಿ ಕೊರೆಯುತ್ತದೆಂದು ನನಗೆ ಸ್ವೆಟರು ಕಡ್ಡಾಯ. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸಿಕೊಳ್ಳಬೇಕು. ಎಣ್ಣೆ ಜಿನುಗುವ ಉಪ್ಪಿನಕಾಯಿ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಒಣಗಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಓಬಳೇಶನಿಗೆ ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ದಿನಕ್ಕೊಂದು ಧ್ವನಿ ಕಳಿಸುತ್ತಿದ್ದರು. ಊರಿನ ಬಸ್ ನಿಲ್ದಾಣದಲ್ಲಿ ನೀರೆಲ್ಲಿ, ಕಕ್ಕಸೆಲ್ಲಿ, ಕಾಲು ಚಾಚಲು ಜಾಗ ಎಲ್ಲಿ ಎಂದು ನೋಡಿಕೊಳ್ಳುವ ಹಾಗೆಯೇ ಆ ನಿಲ್ದಾಣದ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದರು.

ಇಷ್ಟೆಲ್ಲ ತಿಳಿದವರು ಸೀಟು ಆರಿಸುವಾಗ ಮಾತ್ರ, "ಎಡಗಡೆ ಕಿಟಕಿ ಹಾಕ್ರಿ ಸಾಹೇಬ್ರೆ, ತಮ್ಮಂಗೆ ಹೇಳಿಬಿಟ್ಟೀನಿ" ಎಂದರು.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಅರೇ ಮೇಡಂ, ವಿಮಾನದ ಹತ್ರ ಯಾರನ್ನೂ ಬಿಡಲ್ಲ."

ಪಾಲಕ್ಕ ನಾಚಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. ಆದರೂ ಸೋಲಲಿಲ್ಲ. "ಬಿಡದಿದ್ರೆ ಬ್ಯಾಡ, ಕಿಟಕಿ ಎಡಗಡೇನೇ ಇರ್ಲಿ" ಎಂದರು.

ಬೆಂಗಳೂರಿನಲ್ಲಿ ತಪಾಸಣೆಯವರು ಕಂಬಳಿಯನ್ನು ಬಿಚ್ಚಿಸಿದರು. ಕುರಿಯ ವಾಸನೆ ಸುತ್ತ ಹರಡಿ ಹಿಂದಿನವರು ಮೂಗು ಮುಚ್ಚಿಕೊಂಡರು. ಪಾಲಕ್ಕ ನಿಧಾನವಾಗಿ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟರು. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಬೆಳಿಗ್ಗೆ ಹೊರಡಬೇಕಾದ ವಿಮಾನ ಮಧ್ಯಾಹ್ನ ದಾಟಿದರೂ ಹೊರಡಲಿಲ್ಲ. ನಾವು ಅಷ್ಟು ಜತನದಿಂದ ಕೂಡಿಸಿಟ್ಟಿದ್ದ ಬಿಡುವು ಬೆಂಗಳೂರಿನ ಕುರ್ಚಿಗಳ ಮೇಲೆಯೇ ಕರಗಿಹೋಯಿತು. ನನಗೆ ಅಳು ಬರುವಂತಾಗಿತ್ತು. ಪಾಲಕ್ಕ ಕಂಬಳಿಯ ಅಂಚಿನ ಕುಚ್ಚನ್ನು ಬೆರಳಿನಿಂದ ಹೊಸೆಯುತ್ತ ಕೂತಿದ್ದರು.

ದುಬೈಯಲ್ಲಿ ಇಳಿದಾಗ ಮುಂದಿನ ವಿಮಾನಕ್ಕೆ ಮೂರು ತಾಸೂ ಇರಲಿಲ್ಲ. ಹೊರಗೆ ಹೋಗುತ್ತೇವೆ ಎಂದಾಗ, ಮುಂದಿನ ವಿಮಾನಕ್ಕೆಂದು ಅಲ್ಲಿ ಬಂದು ಸೇರಿದ್ದ ನಮ್ಮ ತಂಡದ ಮ್ಯಾನೇಜರು ಹೌಹಾರಿದರು. "ವಿಮಾನ ತಪ್ಪಿದರೆ ಸ್ಪರ್ಧೆಯೂ ತಪ್ಪುತ್ತೆ. ನಾನು ಜವಾಬ್ದಾರಿ ಅಲ್ಲ ಮೇಡಂ."

"ಗುಂಡು ಮುಂದಿನ ವರ್ಷನೂ ಎಸೀಬೋದು ಸರ್" ಎಂದು ಪಾಲಕ್ಕ ಹೆಜ್ಜೆ ಹಾಕಿಯೇಬಿಟ್ಟರು. ನಡಿಗೆ ಸ್ಪರ್ಧಿ ನಾನು ಅವರ ಹಿಂದೆ ಓಡಬೇಕಾಯಿತು.

ಆ ನಿಲ್ದಾಣದ ಉದ್ದಗಲಕ್ಕೆ ದಿಕ್ಕು ತೋಚಲಿಲ್ಲ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಯಾರೊಂದಿಗೋ ಫೋನಿನಲ್ಲಿ ತೆಲುಗು ಮಾತಾಡುತ್ತಿದ್ದಳು. ಪಾಲಕ್ಕ ನೇರ ಅವಳ ಬಳಿ ಹೋಗಿ, "ಅಮ್ಮಾ, ಬೈಟಿಕಿ ದಾರಿ ಎಟು?" ಎಂದರು. ಹೊರಗೆ ಹೋಗುವ ದಾರಿ ಯಾವುದು ಎಂದಷ್ಟೇ ಕೇಳಿದ್ದು. ಅವಳು ಫೋನು ಬಿಟ್ಟು, ಒರೆಸುವ ಕೋಲನ್ನು ಗೋಡೆಗೊರಗಿಸಿ, ಪಾಸ್‌ಪೋರ್ಟು ನೋಡುವ ಸಾಲುಗಳಲ್ಲಿ ಚಿಕ್ಕದು ಎಲ್ಲಿದೆ ಎಂದು ಅಲ್ಲಿಯವರೆಗೂ ಬಂದು ತೋರಿಸಿದಳು. ಪಾಲಕ್ಕ ನನ್ನ ಚೀಲದಿಂದ ಒಂದು ರೊಟ್ಟಿ ತೆಗೆದು ಅವಳ ಕೈಗಿಟ್ಟರು. ಮೊದಲು ಕೊಡುವುದು!

ಹೊರಗೆ ಕಂಬಿಗಳಾಚೆ ಜನವೋ ಜನ. ಎಡಗಡೆಯ ತುದಿಯಲ್ಲಿ ಕೆಲಸದ ಅಂಗಿಯಲ್ಲೇ ನಿಂತಿದ್ದ, ತಲೆ ನರೆತ ಓಬಳೇಶ. ಬೆಳಿಗ್ಗೆಯಿಂದ ನಿಂತಿದ್ದನಂತೆ. ಅಕ್ಕನನ್ನು ಕಂಡದ್ದೇ ತಡ, ಅವನ ಗಲ್ಲ ನಡುಗತೊಡಗಿತು.

"ಅಳೋದು ಆಮೇಲೆ. ಮೊದ್ಲು ಹಿಡ್ಕಾ" ಎಂದು ಪಾಲಕ್ಕ ಕಂಬಿಯ ಮೇಲಿಂದಲೇ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದರು. ಬುತ್ತಿಯ ಗಂಟು ಕೊಟ್ಟರು. ಆಮೇಲೆ ಅವನ ಎರಡೂ ತೋಳು ಹಿಡಿದು ನೋಡಿದರು. ಸಂತೆಯಲ್ಲಿ ಕುರಿ ನೋಡುವವರ ಹಾಗೆ ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕೈ ಬೆರಳುಗಳನ್ನು ಬಿಡಿಸಿ ನೋಡಿದರು. ಅವನೇ ಬಾಯಿ ಬಿಟ್ಟ.

"ಅವ್ವನ ಮಣ್ಣಿಗೆ ನಾನು ಬರ್ಲಿಲ್ಲಕ್ಕಾ."

"ಅವ್ವ ಅದನ್ನ ಕೇಳ್ಲಿಲ್ಲ ಕಣೋ. ಕೊನೀಗೆ ಕೇಳಿದ್ದು ಒಂದೇ, ಓಬಂಗೆ ಅಲ್ಲಿ ಹೊದಿಯಾಕೆ ಐತಾ ಅಂತ. ಕೊಟ್ಟು ಬರ್ತೀನಿ ಅಂದಿದ್ದೆ. ಕೊಟ್ಟೆ ಈಗ."

ಅವನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಪಾಲಕ್ಕ ಅವನ ತಲೆ ಸವರುತ್ತ ನನ್ನತ್ತ ನೋಡಿದರು. ನಾನು ಗಡಿಯಾರ ತೋರಿಸಿದೆ. ಚಳ್ಳಕೆರೆಯಲ್ಲಿ ಬಸ್ಸು ನಿಲ್ಲುವಷ್ಟು ಹೊತ್ತೂ ನಮಗೆ ಸಿಕ್ಕಿರಲಿಲ್ಲ. "ಹೋಗ್ಬರ್ತೀನಿ" ಎಂದು ಅವರು ತಿರುಗಿದರು. ಮತ್ತೆ ಯಾವಾಗ ಎಂದು ಅವರೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಓಡೋಡಿ ವಿಮಾನ ಹಿಡಿದು ಕೂತ ಮೇಲೆ ನಾನು ತಡೆಯಲಾರದೆ ಕೇಳಿದೆ: "ಊರಿಗೆ ಯಾವಾಗ ಬರ್ತೀಯಾ ಅಂತ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನ್ರಿ ಅಕ್ಕಾ?"

ಪಾಲಕ್ಕ ಸೀಟಿನ ಬೆಲ್ಟು ಬಿಗಿದುಕೊಳ್ಳುತ್ತಿದ್ದರು. "ಕೇಳಿದ್ರೆ ಅವ್ನು ಏನಾದ್ರೂ ಒಂದು ಹೇಳ್ಬೇಕಲ್ಲ. ಹೇಳಿದಂಗೆ ಬರಾಕೆ ಅವ್ನ ಕೈಲಿ ಐತಾ? ಇಷ್ಟು ದೂರ ಬಂದು ತಮ್ಮನ ಬಾಯಲ್ಲಿ ಸುಳ್ಳು ಹೇಳಿಸ್ಲೇನೆ?" ಎಂದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಅತ್ತರು. ನಾನು ಅವರ ಕೈ ಹಿಡಿದುಕೊಂಡೆ. ಇಂಥ ಗಟ್ಟಿ ಹೆಂಗಸಿನ ಪಕ್ಕ ಕೂರುವ ಭಾಗ್ಯ ನನ್ನದಾಯಿತಲ್ಲ ಎನ್ನಿಸಿತು. ಪೋಲೆಂಡಿನಲ್ಲಿ ಅವರಿಗೆ ಪದಕ ಬರಲಿಲ್ಲ. ನಾನಂತೂ ಕೊನೆಯಿಂದ ಎರಡನೆಯವಳು.

ಪಾಲಕ್ಕ ನಿವೃತ್ತರಾದರು. ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಮನೆ ದುರ್ಗದಲ್ಲಿ, ಶನಿವಾರ ಶಾಲೆ ಮುಗಿಸಿ ಹೊರಟರೆ ಬಸ್ಸು ಚಳ್ಳಕೆರೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿ ಈಗ ಕೆಳಗೆ ನಿಲ್ಲುವವರು ಅವರಾದರು, ಎಡಗಡೆಯ ಕಿಟಕಿಯಲ್ಲಿ ಕೂರುವವಳು ನಾನಾದೆ. ಗಂಟು ಮೊದಲು ಬರುತ್ತಿತ್ತು, ಆಮೇಲೆ ಆ ನೋಟ, ಆಮೇಲೆ ಮಾತು. ಒಂದು ವರ್ಷ ಅವರ ತೋಳು ಸೊರಗುತ್ತ ಬಂತು. ಹೊಟ್ಟೆಯಲ್ಲಿ ಗಡ್ಡೆ ಎಂದರು ವೈದ್ಯರು. ಸುದ್ದಿ ಕೇಳಿ ಓಬಳೇಶ ದುಬೈ ಬಿಟ್ಟು ಬಂದೇಬಿಟ್ಟ. ಆಮೇಲೆ ಅವನೇ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ನಿಲ್ದಾಣಕ್ಕೆ ಕರೆತರುತ್ತಿದ್ದ.

ಕೊನೆಯ ಸಲ ಬಂದಾಗ ಗಂಟು ಎತ್ತಿ ಕೊಡಲು ಅವರ ಕೈ ಏಳಲಿಲ್ಲ. ಓಬಳೇಶ ಕೊಟ್ಟ. ಅವರು ಆಟೋದಲ್ಲಿ ಕೂತೇ ನನ್ನನ್ನು ಕಣ್ತುಂಬ ನೋಡಿದರು. ಬಸ್ಸು ಹೊರಡುವಾಗ ಅವರ ಬಾಯಿಂದ ಆ ಮಾತು ಬಂತು.

"ಮತ್ತೆ ಯಾವಾಗ ಬರ್ತೀಯೇ?"

"ಶನಿವಾರ ಬರ್ತೀನಿ ಅಕ್ಕಾ" ಎಂದೆ.

ಅವರು ಕಾಯಲಿಲ್ಲ. ವಾರದ ನಡುವೆಯೇ ಸುದ್ದಿ ಬಂತು. ಹೋಗಿ ಮಣ್ಣು ಹಾಕಿ ಬಂದೆ. ಶನಿವಾರ ಎಂದಿನ ಬಸ್ಸು ಹತ್ತಿ ಎಡಗಡೆಯೇ ಕೂತೆ. ಚಳ್ಳಕೆರೆ ಬಂದಾಗ ಹೊರಗೆ ನೋಡಲಾಗದೆ ತಲೆ ತಗ್ಗಿಸಿಕೊಂಡಿದ್ದೆ. ಯಾರೋ ಕಿಟಕಿ ತಟ್ಟಿದರು. ಓಬಳೇಶ! ಹೆಗಲ ಮೇಲೆ ಅದೇ ಕರಿ ಕಂಬಳಿ.

"ಶನಿವಾರ ಬರ್ತೀನಿ ಅಂದಾಳೆ, ನೀನು ಹೋಗಿ ನಿಂತ್ಕಾ ಅಂದಿದ್ಲು ಅಕ್ಕ" ಎನ್ನುತ್ತ ಬಿಸಿ ಆರದ ರೊಟ್ಟಿಯ ಗಂಟನ್ನು ಕಿಟಕಿಯೊಳಗೆ ಇಟ್ಟ. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಕಂಡಕ್ಟರು ರೈಟ್ ಹೇಳಿದ. ಮಾತಿಗೆ ಹೊತ್ತು ಉಳಿಯಲಿಲ್ಲ.