ಶ್ರೆಡರಿಗೆ ಹಾಕಿದ ಗೋಲುಗಳ ಪುಸ್ತಕ

“ಹಳೆಯ ಪುಸ್ತಕ ಎಲ್ಲಿ?” ಎಂದು ಮಿಸ್ಟರ್ ಟೋನಿ ಕೇಳಿದರು. ನಾನು ಹಲ್ಲು ಬಿಟ್ಟು ನಕ್ಕು, ಮೂಲೆಯಲ್ಲಿದ್ದ, ಕಾಗದವನ್ನು ಎಳೆ ಎಳೆಯಾಗಿ ಕತ್ತರಿಸುವ ಶ್ರೆಡರಿನ ಕಡೆ ಕೈ ತೋರಿಸಿದೆ.

ನಕ್ಕಿದ್ದು ಯಾಕೆ ಗೊತ್ತೇ? ಶಹಬ್ಬಾಸ್ ಎನ್ನುತ್ತಾರೆ ಎಂದು!

ಆ ಮನುಷ್ಯ ಬೈಯಲಿಲ್ಲ. ಕೂಗಲಿಲ್ಲ. ಆರಡಿ ಎತ್ತರದ ಆಳು ನನ್ನ ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. “ಎಲ್ಲಾ ಹಾಳೆಗಳನ್ನೂ?” ಎಂದರು. “ಎಲ್ಲಾ ಹಾಳೆಗಳನ್ನೂ ಸರ್, ಒಂದನ್ನೂ ಬಿಟ್ಟಿಲ್ಲ” ಎಂದೆ. (ನೋಡಿ, ನನಗೆ ಆಗಲೂ ಹೊಳೆದಿರಲಿಲ್ಲ.)

ಈ ಅಂಕಣ ಓದುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಅರಬ್ಬರ ನಾಡಿನ ಯಾನ್ಬು ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆಗಳನ್ನು ಕಾಯುವವನು. ಒಂದು ನಕ್ಷೆಯನ್ನು ಎಂಜಿನಿಯರ್ ತಿದ್ದಿದರೆ ಹೊಸ ಪ್ರತಿ ಬರುತ್ತದೆ. ಬಂದ ದಿನವೇ ಹಳೆಯದನ್ನು ನಾಶ ಮಾಡಬೇಕು. ಇಲ್ಲದಿದ್ದರೆ ಯಾರೋ ಹಳೆಯ ನಕ್ಷೆ ಹಿಡಿದುಕೊಂಡು ಹೋಗಿ ಇಲ್ಲದ ಜಾಗದಲ್ಲಿ ಪೈಪು ಕೂರಿಸುತ್ತಾರೆ. ಒಮ್ಮೆ ಹಾಗೆ ಕೂರಿಸಿಯೂ ಇದ್ದಾರೆ. ಹೀಗಾಗಿ ಹೊಸದು ಬಂತೆಂದರೆ ನನ್ನ ಕೈ ತಾನಾಗಿ ಶ್ರೆಡರಿನ ಕಡೆ ಹೋಗುತ್ತದೆ. ಆರು ವರ್ಷದ ಅಭ್ಯಾಸ!

ಮಿಸ್ಟರ್ ಟೋನಿ ನಮ್ಮಲ್ಲಿ ಪೈಪಿಂಗ್ ಎಂಜಿನಿಯರ್. ಆಸ್ಟ್ರೇಲಿಯಾದವರು. ಆಸ್ಟ್ರೇಲಿಯಾ ಅಂದರೆ ಕ್ರಿಕೆಟ್ ಎಂದು ತಿಳಿದಿದ್ದ ನನಗೆ ಅಲ್ಲಿ ಫುಟ್‌ಬಾಲಿನ ಲೀಗ್ ಇದೆ, ಅದಕ್ಕೆ ಸಾಕರ್ ಎನ್ನುತ್ತಾರೆ ಎಂದು ಹೇಳಿಕೊಟ್ಟವರೇ ಅವರು. ಅವರ ತಂದೆ ಮಾಲ್ಟಾ ಎಂಬ ಪುಟ್ಟ ದ್ವೀಪದಿಂದ ಹಡಗು ಹತ್ತಿ ವಲಸೆ ಹೋದವರಂತೆ. ಹಾಗೆ ಹೋದವರೆಲ್ಲ ಸೇರಿ ಕಟ್ಟಿದ ಕ್ಲಬ್ಬು ಬೆಳೆದು ವೃತ್ತಿಪರ ಲೀಗಿನಲ್ಲಿ ಆಡುವಷ್ಟಾಯಿತು. ಈ ತಂದೆ ಕ್ಲಬ್ಬಿನ ಗೇಟಿನಲ್ಲಿ ನಿಂತು ಬಂದವರನ್ನು ಎಣಿಸುತ್ತಿದ್ದರು. ಮನೆಗೆ ಬಂದು ದಪ್ಪ ಪುಸ್ತಕವೊಂದರಲ್ಲಿ ಬರೆಯುತ್ತಿದ್ದರು. ಎದುರಾಳಿ ಯಾರು, ಯಾರು ಆಡಿದರು, ಯಾರು ಗೋಲು ಹೊಡೆದರು, ಜನ ಎಷ್ಟು ಬಂದರು. ಒಂದು ಪಂದ್ಯವನ್ನೂ ಬಿಡದೆ ಅಷ್ಟು ವರ್ಷ. ಸಂಬಳ? ಒಂದು ಕಾಸೂ ಇಲ್ಲ.

ಆ ತಂದೆ ಈಚೆಗೆ ತೀರಿಕೊಂಡರು. ಇಲ್ಲಿಂದ ಹೊರಡುವುದು ನಿಮಗೆ ಗೊತ್ತಲ್ಲ? ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ. ಹೋಗಿ ಬರಲು ವೀಸಾ ಬೇಕು. ಅದರ ಮೇಲೆ ಮೂರು ಸಹಿ ಬೀಳಬೇಕು. ಸಹಿ ಬೀಳುವಷ್ಟರಲ್ಲಿ ಅಲ್ಲಿ ಮಣ್ಣು ಮುಗಿದಿತ್ತು. ಟೋನಿ ಹೋಗಲೇ ಇಲ್ಲ. ಅವರ ಬದಲಿಗೆ ಅಲ್ಲಿಂದ ಕೊರಿಯರಿನಲ್ಲಿ ಆ ಪುಸ್ತಕ ಬಂತು.

ಕ್ಲಬ್ಬಿನವರು ತಮ್ಮ ದಾಖಲೆಗಳ ಪುಸ್ತಕ ಅಚ್ಚು ಹಾಕಿಸುತ್ತಿದ್ದಾರಂತೆ. ಅತಿ ಹೆಚ್ಚು ಪಂದ್ಯ ಆಡಿದವರು, ಅತಿ ಹೆಚ್ಚು ಗೋಲು, ದೊಡ್ಡ ಗೆಲುವು, ಕೆಟ್ಟ ಸೋಲು, ಪ್ರತಿ ಪಂದ್ಯಕ್ಕೆ ಬಂದ ಜನ. ಎಲ್ಲವನ್ನೂ ಪಟ್ಟಿ ಮಾಡಿ ಫ್ಯಾಕ್ಸ್ ಕಳಿಸಿ ಎಂದು ಟೋನಿಗೆ ಬರೆದಿದ್ದರು. “ನನಗೆ ಕೊಡಿ ಸರ್, ಕಂಪ್ಯೂಟರಿಗೆ ಏರಿಸುತ್ತೇನೆ” ಎಂದವನು ನಾನೇ. ನನಗೆ ಬೇರೆ ಕೆಲಸ ಇರಲಿಲ್ಲವೇ? ಇತ್ತು. ಆದರೆ ಚೌಕ ಚೌಕವಾಗಿ ಅಂಕಿ ತುಂಬುವುದೆಂದರೆ ನನಗೆ ಹಬ್ಬದೂಟ ಇದ್ದ ಹಾಗೆ.

ಒಂದು ತಿಂಗಳು ಮಧ್ಯಾಹ್ನದ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಹೆಚ್ಚು ಆಡಿದವರು ಮೇಲೆ, ಕಡಿಮೆ ಆಡಿದವರು ಕೆಳಗೆ. ಕಟ್ಟಕಡೆಗೆ ಒಬ್ಬ ಇದ್ದ. ಪಂದ್ಯ: ಒಂದು. ಗೋಲು: ಸೊನ್ನೆ. ಪಾಪದ ಪ್ರಾಣಿ ಎಂದು ನಕ್ಕಿದ್ದೆ. ಕೆಲವು ಸಾಲುಗಳ ತುದಿಯಲ್ಲಿ ಮುದುಕರು ತಮ್ಮ ಭಾಷೆಯಲ್ಲಿ ಏನೇನೋ ಗೀಚಿದ್ದರು. ಅಕ್ಷರ ಇಂಗ್ಲಿಷಿನದು, ಮಾತು ಯಾವುದೋ. ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಬಿಟ್ಟೆ. ಎರಡೆರಡು ಸಲ ತಾಳೆ ನೋಡಿ, ಪ್ರಿಂಟ್ ತೆಗೆದು, ಫೈಲಿಗೆ ಹಾಕಿ, ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳನ್ನು ಒಂದೊಂದಾಗಿ ಶ್ರೆಡರಿಗೆ ತಿನ್ನಿಸಿದೆ. ಹಾಳೆಯ ಅಗಲ ಅದರ ಬಾಯಿಗೆ ಹಿಡಿಯದೆಂದು ಅಡ್ಡಲಾಗಿ ತೂರಿಸಿದೆ. ಗರ್‌ರ್ ಎಂದು ನುಂಗಿತು.

ಟೋನಿ ಕುರ್ಚಿಯಲ್ಲಿ ಕುಳಿತೇ ನನ್ನ ಪಟ್ಟಿಯ ಕೊನೆಗೆ ಬೆರಳಿಟ್ಟು ಹೇಳಿದರು. ಆ ಕಟ್ಟಕಡೆಯ ಹೆಸರು ಅವರದೇ!

ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಎಲ್ಲರೂ ಮಿಸ್ಟರ್ ಟೋನಿ, ಮಿಸ್ಟರ್ ಮೂರ್ತಿ. ಮನೆತನದ ಹೆಸರು ಯಾರು ಕೇಳುತ್ತಾರೆ?

ಇಪ್ಪತ್ತರ ವಯಸ್ಸಿನಲ್ಲಿ ಅವರನ್ನು ತಂಡಕ್ಕೆ ಸೇರಿಸಿಕೊಂಡರಂತೆ. ಮೊದಲ ಪಂದ್ಯ. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಮೊಣಕಾಲು ಮುರಿಯಿತು. ಹೊತ್ತುಕೊಂಡು ಹೋದರು. ಮತ್ತೆ ಆಡಲಿಲ್ಲ. “ಅಪ್ಪ ನೋಡಲಿಲ್ಲ. ಆಗ ಇನ್ನೂ ಜನ ಒಳಗೆ ಬರುತ್ತಿದ್ದರು, ಅವನು ಗೇಟಿನಲ್ಲಿ ಎಣಿಸುತ್ತಿದ್ದ. ಆ ದಿನದ ಬಗ್ಗೆ ಅವನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ” ಎಂದರು. ಪುಸ್ತಕ ಬಂದಾಗ ಮೊದಲು ತೆಗೆದು ನೋಡಿದ್ದು ಆ ಪುಟವನ್ನೇ. ಸಾಲಿನ ತುದಿಯಲ್ಲಿ ಅಪ್ಪ ಏನೋ ಬರೆದಿದ್ದರು. ಟೋನಿಗೆ ಅಪ್ಪನ ಭಾಷೆಯಲ್ಲಿ ಬರುವುದು ನಾಲ್ಕು ತಿಂಡಿಯ ಹೆಸರು, ಎರಡು ಬೈಗುಳ. ಊರಿಗೆ ಹೋದಾಗ ಸೋದರತ್ತೆಯ ಕೈಲಿ ಓದಿಸಬೇಕು ಎಂದಿದ್ದರು. ಫೋನಿನಲ್ಲಿ ಕೇಳಲು ಧೈರ್ಯ ಬಂದಿರಲಿಲ್ಲ.

(ನಕ್ಕುಬಿಡಬೇಡಿ. ನನ್ನ ಮಗಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಏಳನೇ ಕ್ಲಾಸು. ನಾನು ವಾರ ವಾರ ಬರೆಯುವ ಈ ಕನ್ನಡ ಅಂಕಣವನ್ನು ಅವಳು ಚಿತ್ರ ನೋಡಿದ ಹಾಗೆ ನೋಡಿ ಮಡಚಿಡುತ್ತಾಳೆ.)

ಆ ಬರಹ ಏನಿತ್ತು? ಭೂಮಿಯ ಮೇಲೆ ಅದನ್ನು ಕಡೆಯ ಸಲ ಕಂಡವನು ನಾನು. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಆ ಪಂದ್ಯಕ್ಕೆ ಬಂದ ಜನರ ಅಂಕಿ ನೆನಪಿಗೆ ಬಂತು. ಅದರ ಪಕ್ಕದ ಒಂದು ಅಕ್ಷರವೂ ಬರಲಿಲ್ಲ. ನಾಚಿಕೆಯಾಯಿತು.

ಓಡಿದೆ. ಶ್ರೆಡರಿನ ಚೀಲ ಖಾಲಿ! ಪ್ರಿಂಟ್ ರೂಮಿನ ಇಬ್ರಾಹಿಂ ಅಲ್ಲೇ ಇದ್ದರು. ಉಳ್ಳಾಲದವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. “ಇಬ್ರಾಹಿಂ, ಚೀಲದಲ್ಲಿದ್ದ ಕಾಗದ ಏನಾಯ್ತು?” ಎಂದೆ.

“ಎಂತ ಮಾರಾಯ್ರೆ, ಆ ಚೂರಿಗೆ ಹೀಗೆ ಓಡಿ ಬರ್ಲಿಕ್ಕುಂಟಾ? ನಾನು ರೂಮಿಗೆ ತಕ್ಕೊಂಡು ಹೋದೆ. ತಂಗಿ ಮದುವೆಗೆ ಡಿನ್ನರ್ ಸೆಟ್ ತಕೊಂಡಿದ್ದೇನಲ್ಲ? ಬಸಿ ಒಡೀದ ಹಾಗೆ ಕಾರ್ಟನಲ್ಲಿ ನಡುನಡುವೆ ತುಂಬ್ಸಿದ್ದೇನೆ.”

“ಕಾರ್ಟನ್ ಎಲ್ಲಿ?”

“ಹಗ್ಗ ಬಿಗಿದು, ಹೆಸರು ಬರ್ದು, ತೂಕವೂ ಆಯ್ತು. ಗುರುವಾರ ಫ್ಲೈಟ್.”

ಕೇಳಿದಿರಾ? ಆಸ್ಟ್ರೇಲಿಯಾದ ಒಂದು ಕ್ಲಬ್ಬಿನ ಅಷ್ಟೂ ಗೋಲುಗಳು ಉಳ್ಳಾಲದ ಮದುಮಗಳ ತಟ್ಟೆಗಳ ಮಧ್ಯೆ ಕುಳಿತು ವಿಮಾನ ಹತ್ತುವುದರಲ್ಲಿದ್ದವು! ಊರಿಗೆ ಹೊರಟವನ ಕಟ್ಟಿದ ಕಾರ್ಟನ್ ಬಿಚ್ಚು ಎನ್ನುವುದು ಎಂಥ ಪಾಪ ಎಂಬುದು ಕೊಲ್ಲಿಯಲ್ಲಿ ದುಡಿದವರಿಗೆ ಗೊತ್ತು. ವಿಮಾನದವರು ಬಿಡುವ ತೂಕಕ್ಕೆ ಕೂದಲೆಳೆಯಷ್ಟು ಕಡಿಮೆ ಬರುವ ಹಾಗೆ ನಾಲ್ಕು ಸಲ ತುಂಬಿ, ನಾಲ್ಕು ಸಲ ತೆಗೆದು, ಮೂರು ಜನ ಮೇಲೆ ಕೂತು ಹಗ್ಗ ಬಿಗಿದಿರುತ್ತಾರೆ. ನಾನು ನಡೆದದ್ದನ್ನು ಹೇಳಿದೆ. ಇಬ್ರಾಹಿಂ ನನ್ನ ಮುಖವನ್ನೇ ನೋಡಿದರು.

“ಅಪ್ಪನ ಕೈಬರಹವನ್ನು ಮೆಷಿನಿಗೆ ಹಾಕಿದ್ದಾ? ನಿಮ್ಗೆ ಮಂಡೆ ಸಮ ಉಂಟಾ ಮೂರ್ತಿ ಸಾರ್?” ಎಂದರು. ಆಮೇಲೆ, “ನಡೀರಿ. ಯಲ್ಲಾ” ಎಂದು ಅರಬ್ಬಿಯಲ್ಲೂ ಅವಸರ ಮಾಡಿದರು.

ಸಂಜೆ ಡ್ಯೂಟಿ ಮುಗಿಸಿ ಮೂವರೂ ಅವರ ರೂಮಿಗೆ ಹೋದೆವು. ಇಬ್ರಾಹಿಂ ತಾವೇ ಚಾಕು ತಂದು ಹಗ್ಗ ಕತ್ತರಿಸಿದರು. ಟೋನಿ ನೆಲದ ಮೇಲೆ ಮಂಡಿಯೂರಿ (ಅದೇ ಮುರಿದ ಮಂಡಿ) ತಟ್ಟೆ ತಟ್ಟೆಯ ನಡುವಿನಿಂದ ಕಾಗದದ ಎಳೆಗಳನ್ನು ಬಿಡಿಸಿದರು. ನಕ್ಷೆಯ ಕಾಗದ ಬಿಳಿ, ಅಪ್ಪನ ಕಾಗದ ಹಳದಿ. ಹಾಳೆಯನ್ನು ಅಡ್ಡ ತೂರಿಸಿದ್ದರಿಂದ ಸಾಲುಗಳು ಉದ್ದುದ್ದವಾಗಿ ಉಳಿದಿದ್ದವು. ಅಕ್ಷರದ ತಲೆ ಒಂದು ಎಳೆಯಲ್ಲಿ, ಕಾಲು ಇನ್ನೊಂದರಲ್ಲಿ. ನಾನು ಬಂದ ಜನರ ಅಂಕಿ ಹೇಳಿದೆ. ಅದನ್ನೇ ಹಿಡಿದು ಹುಡುಕಿದೆವು. ದೊಡ್ಡ ಸಾರಿನ ಬೋಗುಣಿಯೊಳಗೆ ಸಿಕ್ಕಿತು.

ಟೋನಿ ಎರಡು ಎಳೆಗಳನ್ನು ಜೋಡಿಸಿ, ಟೇಪು ಹಚ್ಚಿ, ಜೇಬಿನಲ್ಲಿಟ್ಟುಕೊಂಡರು. ಅರ್ಥ ಯಾರಿಗೂ ತಿಳಿಯಲಿಲ್ಲ. ಮನೆಗೆ ಬಂದು ಹೇಳಿದರೆ ನನ್ನಾಕೆ, “ನಮ್ಮಪ್ಪ ಬರೆದ ಕಾಗದಾನೂ ಹಳೇದಾಯ್ತು ಅಂತ ಎಸೆದೋರಲ್ವಾ ನೀವು? ಇನ್ನೇನು ಮಾಡ್ತೀರಿ!” ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಟೋನಿ ನನ್ನ ಮೇಜಿನ ಮುಂದೆ ನಿಂತು, ಅರ್ಥವಾಗದಿದ್ದರೂ, ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು. “ಇಲ್ಲುಮ್... ಬೀಬ್... ತಿಫೆಲ್...” ಪಕ್ಕದ ಮೇಜಿನ ನಕ್ಷೆಗಾರ ಹಬೀಬ್ ತಲೆ ಎತ್ತಿದ. ಟ್ಯುನೀಸಿಯಾದವನು, ನಮ್ಮ ಮಾತಿಗೆ ಎಂದೂ ತಲೆ ಹಾಕದ ಮೌನಿ. “ಮತ್ತೊಮ್ಮೆ ಓದು” ಎಂದ. ಟೋನಿ ಓದಿದರು. ಹಬೀಬ್ ಪೆನ್ಸಿಲ್ ಇಟ್ಟು ಎದ್ದು ಬಂದ.

“ಇದು ನಮ್ಮ ಮನೆಯ ಮಾತು! ನನ್ನ ಅಜ್ಜಿ ಹೀಗೇ ಮಾತಾಡುತ್ತಿದ್ದಳು. ಇದು ನಿನಗೆ ಎಲ್ಲಿ ಸಿಕ್ಕಿತು?” ಎಂದ.

ಟೋನಿ ಅಪ್ಪನ ಊರು ಹೇಳಿದರು. ಹಬೀಬ್ ವಿವರಿಸಿದ. ಮಾಲ್ಟಾದವರ ಭಾಷೆ ಅರಬ್ಬಿಯ ತಂಗಿಯಂತೆ, ಇಂಗ್ಲಿಷ್ ಅಕ್ಷರದ ಅಂಗಿ ತೊಟ್ಟಿದೆಯಂತೆ. ಈ ಮನುಷ್ಯ ಇಷ್ಟು ವರ್ಷ ಅಪ್ಪನ ಭಾಷೆಯ ನೆರೆಮನೆಯಲ್ಲೇ ಇದ್ದು, ಸಲಾಂ ಬಿಟ್ಟು ಬೇರೊಂದು ಪದ ಕಲಿತಿರಲಿಲ್ಲ!

ಹಬೀಬ್ ಎಳೆಯ ಮೇಲೆ ಬೆರಳಿಟ್ಟು ಒಂದೊಂದೇ ಪದಕ್ಕೆ ಅರ್ಥ ಹೇಳಿದ. “ಇವತ್ತು ಬಾಗಿಲು ಬಿಟ್ಟೆ. ಹುಡುಗನನ್ನು ನೋಡಲು ಒಳಗೆ ಹೋದೆ. ಸಂಖ್ಯೆ ಸರಿಯಿಲ್ಲ.”

ಅಷ್ಟೇ. ಮೂರು ಮಾತು.

ಟೋನಿ ಮುಖ ತಿರುಗಿಸಿ ಕಿಟಕಿಯ ಕಡೆ ನಿಂತರು. ಹಬೀಬ್ ಅವರ ಬೆನ್ನ ಮೇಲೆ ಕೈಯಿಟ್ಟ. ಟೋನಿ ಇತ್ತ ತಿರುಗಿ, “ಅವನು ಜೀವನದಲ್ಲಿ ಲೆಕ್ಕ ತಪ್ಪಿದ್ದು ಆ ಒಂದೇ ದಿನ ಮೂರ್ತಿ” ಎಂದರು.

ನನಗೆ ದಿಗಿಲು ಹತ್ತಿದ್ದು ಆಗಲೇ. ಆ ತಪ್ಪು ಸಂಖ್ಯೆಯನ್ನು ನಾನು ಎರಡು ಸಲ ತಾಳೆ ನೋಡಿ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದೆ. ಅದು ಸರಿಯಿಲ್ಲ ಎಂದು ಬರೆದಿದ್ದ ಮಾತನ್ನು ಮಾತ್ರ ಬಿಟ್ಟಿದ್ದೆ. ಸ್ವಚ್ಛ ಪ್ರತಿ, ಶುದ್ಧ ಪ್ರತಿ ಎಂದು ನಾವು ಮೆರೆಯುವುದು ಇದನ್ನೇ ಏನು? ಹೀಗೆ ಇನ್ನೆಷ್ಟು ಸಾಲುಗಳ ತುದಿ ಕತ್ತರಿಸಿದ್ದೇನೋ, ದೇವರೇ ಬಲ್ಲ. ಹಳದಿ ಎಳೆಗಳೆಲ್ಲ ಈಗ ಟೋನಿಯ ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಇಬ್ರಾಹಿಂನ ತಟ್ಟೆಗಳಿಗೆ ನಮ್ಮ ಮನೆಯ ಹಳೆಯ ಟವೆಲ್‌ಗಳು ಹೋದವು.

ಫ್ಯಾಕ್ಸ್ ನಾಳೆ ಹೋಗಬೇಕು. ಪಟ್ಟಿ ಪರದೆಯ ಮೇಲಿದೆ. ಆ ಪಂದ್ಯದ ಸಾಲಿನಲ್ಲಿ ನಾನು ಹಾಕಿದ್ದ ಅಂಕಿಯನ್ನು ಅಳಿಸಿದ್ದೇನೆ. “ನೋಡಲು ಬಂದವರು” ಎಂಬ ಚೌಕ ಖಾಲಿ ಇದೆ. ನೀವೇ ಹೇಳಿ, ಅಲ್ಲಿ ‘ಒಬ್ಬರು’ ಎಂದು ಬರೆದರೆ ತಪ್ಪಾದೀತೇ?